ಕೆಂಚಿಯ ಬಾಣಂತನ

ಶ್ರೀರಾಮನಗರ
12 ಜೂನ್ 2024

ಶಿವಲೀಲಾ,

ನೀನು ತವರಿಗೆ ಹೋಗಿ ಇವತ್ತಿಗೆ ಒಂಬತ್ತು ದಿನ. ಬಸ್ಸು ಹತ್ತುವಾಗ, "ಫೋನಿನ್ಯಾಗ ನೀವು ಹೂಂ ಅನ್ನೋದು ಬಿಟ್ಟು ಬ್ಯಾರೆ ಏನೂ ಮಾತಾಡಂಗಿಲ್ಲ. ಪತ್ರ ಬರೀರಿ, ಅದರಾಗರ ನಿಮ್ಮ ಮಾತು ಕೇಳ್ತೀನಿ" ಎಂದಿದ್ದೆ. ಅದಕ್ಕೂ ಹೂಂ ಎಂದಿದ್ದೆ ನಾನು. ಆ ಮಾತಿಗಾಗಿ ಕೂತಿದ್ದೇನೆ. ಸಾಲಿ ಬಿಟ್ಟ ಮೇಲೆ ಇಷ್ಟುದ್ದ ಬರೆಯುವುದು ಇದೇ ಮೊದಲು.

ಮನೆ ಹೇಗಿದೆ ಎಂದು ಕೇಳಬೇಡ. ಎರಡು ಕೋಣೆಯ ಕ್ವಾರ್ಟರ್ಸಿಗೆ ಇಷ್ಟು ಜಾಗ ಎಲ್ಲಿಂದ ಬಂತೋ ತಿಳಿಯುತ್ತಿಲ್ಲ. ನಿನ್ನೆ ಚಹಾ ಮಾಡಿ ಎರಡು ಲೋಟ ಇಟ್ಟೆ, ಆಮೇಲೆ ಒಂದನ್ನು ತೊಳೆದು ಬೋರಲು ಹಾಕಿದೆ.

ನನಗೆ ಬರೆಯಲು ಗೊತ್ತಿರುವುದು ಪ್ರಾಣಿಗಳ ಸುದ್ದಿ ಒಂದೇ. ನಮ್ಮ ಪ್ರಾಣಿವನಕ್ಕೆ ಫೆಬ್ರುವರಿಯಲ್ಲಿ ಬಂದ ಆ ನಾಲ್ಕು ಕ್ಯಾಪಿಬರಾಗಳನ್ನು ಬೇಲಿಯಾಚೆ ನಿಂತು ನೋಡಿ, "ಇಲಿಗೆ ಕುರಿ ಮೈ ಕೊಟ್ಟಂಗೈತಿ" ಎಂದು ನಕ್ಕಿದ್ದೆಯಲ್ಲ, ಅವನ್ನು ಈಗ ಪೂರ್ತಿ ನನ್ನ ಪಾಲಿಗೆ ಬಿಟ್ಟಿದ್ದಾರೆ. ಗಂಡು ಒಂದು, ಹೆಣ್ಣು ಮೂರು. ಗಂಡಿನ ಹೆಸರು ಸಾವ್ಕಾರ. ಅದರ ಮೂಗಿನ ಮೇಲೆ ಕರಿ ಗಂಟೊಂದಿದೆ. ಅದನ್ನು ಕಂಡ ಕಂಡ ಗಿಡಕ್ಕೆಲ್ಲ ತಿಕ್ಕಿ, ಇದೆಲ್ಲ ನನ್ನದೇ ಎಂಬಂತೆ ವಾಸನೆ ಬಿಟ್ಟು ಹೋಗುತ್ತದೆ. ಹೆಣ್ಣುಗಳಲ್ಲಿ ಹಿರಿಯದು ಮುದುಕಿ, ಮೂಗಿನಲ್ಲಿ ಬಿಳಿ ಮಚ್ಚೆ ಇರುವುದು ಬಿಳಿ, ಕೆಂಪು ಮೈಯದು ಕೆಂಚಿ. ನೋಡಲು ಬರುವ, ಇಲ್ಲಿಯ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗಿನವರು ನೀಟಿ ಪಂದಿ ಎನ್ನುತ್ತಾರೆ, ನಮ್ಮವರು ನೀರಹಂದಿ. ಹಂದಿಯಲ್ಲ, ಇಲಿಯ ಕುಲದ್ದು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಇವುಗಳ ಸಂಸಾರವೆಲ್ಲ ನೀರಿನಲ್ಲಿ. ಗಂಡು ಹೊಂಡದ ತುಂಬ ಹೆಣ್ಣಿನ ಹಿಂದೆ ಈಜುತ್ತದೆ. ಅವಳಿಗೆ ಮನಸ್ಸಿಲ್ಲದಿದ್ದರೆ ಒಂದೋ ಮುಳುಗುತ್ತಾಳೆ, ಇಲ್ಲವೇ ದಂಡೆ ಹತ್ತಿ ಹೋಗುತ್ತಾಳೆ. ಕೆಂಚಿಯಂತೂ ಸಾವ್ಕಾರನನ್ನು ಮೂರು ದಿನ ಸುತ್ತಾಡಿಸಿದಳು. ಇದನ್ನು ನಿನಗೆ ಬರೆಯಬಾರದಿತ್ತೇನೋ, ಆದರೆ ನಗು ಬಂತು. ಐದು ತಿಂಗಳು ಹೊರುತ್ತವಂತೆ. ನಮ್ಮ ಡಾಕ್ಟರ್ ಸುಕನ್ಯಾ ಮೇಡಂ ನೋಡಿ, ಕೆಂಚಿಗೂ ಬಿಳಿಗೂ ಗರ್ಭ ನಿಂತಿದೆ ಎಂದರು. ಕೆಂಚಿಯದೂ ನಿನ್ನ ಹಾಗೇ ಆಗಸ್ಟಿನ ಕೊನೆಗೆ.

ನಿಮ್ಮವ್ವ ಇಲ್ಲದ ಮನೆ ಎಂದು ನನಗೆ ಅಳುಕಿತ್ತು. ಆದರೆ ಸೀಮಂತದ ಕುಬಸದ ದಿನ ನಿಮ್ಮ ರುದ್ರೇಶಣ್ಣ, ಮಲ್ಲೇಶ್ವರಿ ವೈನಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲರ ಮುಂದೆ, "ಐದು ತಿಂಗಳ ಬಾಣಂತನ ಮಾಡೇ ಕಳಸ್ತೀವಿ" ಎಂದರಲ್ಲ. ಅದರಿಂದ ನಿಶ್ಚಿಂತನಾಗಿದ್ದೇನೆ.

ಸಿದ್ದೇಶ


ತಾವರಗೇರಾ
21 ಜೂನ್ 2024

ನೀರಹಂದಿ ಕಾಯುವವರಿಗೆ,

ಗಂಡನ ಹೆಸರು ಬರೆಯಬಾರದೆಂದು ಅವ್ವ ಕಲಿಸಿದ್ದಳು, ಹಾಗಾಗಿ ಹೀಗೆ ಕರೆದಿದ್ದೇನೆ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದವಳು ಪಕ್ಕದ ಮನೆಯ ಅಮೀನಾಬೀ ಚಾಚಿಯ ಮಗಳು ಶಾಹಜಾದಬಿ. ಅವಳೂ ಹೆರಿಗೆಗೆ ಬಂದಿದ್ದಾಳೆ, ಜುಲೈಗೆ ದಿನ. ಇಬ್ಬರೂ ಸಂಜೆ ಕಟ್ಟೆಯ ಮೇಲೆ ಕೂತರೆ ಹೋಗುವವರಿಗೆ ದಾರಿ ಸಾಲದು.

ಕೆಂಚಿ ಮೂರು ದಿನ ಸುತ್ತಾಡಿಸಿದಳು ಎಂದು ಓದಿ ಶಾಹಜಾದಬಿಗೂ ಹೇಳಿದೆ. "ಮೂರ ದಿನದಾಗ ಸೋತಾಳ, ಪಾಪ" ಎಂದಳು. ನಿಶ್ಚಿಂತನಾಗಿದ್ದೇನೆ ಎಂದು ಬರೆದಿದ್ದೀರಿ. ಸುಖವಾಗಿದ್ದೇನೆ. ಅಣ್ಣ ಬೆಳಗಾದರೆ ಕಾಳಿನ ಅಂಗಡಿಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ. ವೈನಿಗೆ ಕೆಲಸ ಬಹಳ. ಹೊಲದಲ್ಲಿ ಹೆಸರು ಬಿತ್ತಿದ್ದಾರೆ. ನನಗೇನು ಕಡಿಮೆ, ತವರಿನಲ್ಲಿದ್ದೇನೆ.

ಒಂದು ಮಾತು. ಇನ್ನು ಮುಂದೆ ಪತ್ರವನ್ನು ಅಮೀನಾಬೀ ಚಾಚಿಯ ವಿಳಾಸಕ್ಕೆ ಹಾಕಿ. ನಮ್ಮ ಅಂಚೆಯವನು ಓಣಿಗೆಲ್ಲ ಕೇಳುವಂತೆ ಕೂಗಿ ಕೊಡುತ್ತಾನೆ, ನನಗೆ ನಾಚಿಕೆ.

ಎರಡನೆಯ ಲೋಟ ಬೋರಲು ಹಾಕಬೇಡಿ. ಹಾಗೇ ಇರಲಿ.

ಶಿವಲೀಲಾ


ಶ್ರೀರಾಮನಗರ
14 ಜುಲೈ 2024

ಶಿವಲೀಲಾ,

ನಾಚಿಕೆಯ ಮಾತು ಓದಿ ನಗು ಬಂತು. ಮದುವೆಯಾಗಿ ಎರಡು ವರ್ಷಕ್ಕೆ ಈಗ ನಾಚಿಕೆಯೇ. ಇರಲಿ, ಚಾಚಿಯ ಮನೆಗೇ ಹಾಕಿದ್ದೇನೆ.

ಗಂಗಾವತಿಯ ಪ್ಯಾಟಿಗೆ ಹೋಗಿ ಬಾಣಂತಿಯ ಉಂಡಿಗೆ ಬೇಕಾದ ಉತ್ತತ್ತಿ, ಅಂಟು, ಕೊಬ್ಬರಿ, ಅಳ್ವಿ ಎಲ್ಲ ತಂದು ತಾವರಗೇರಾ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದೇನೆ. ರುದ್ರೇಶಣ್ಣನಿಗೆ ಮುಟ್ಟಿದೆಯಂತೆ. ಅಂಟಿನ ಉಂಡಿ ದಿನಕ್ಕೆ ಎರಡು ತಿನ್ನಬೇಕು, ಯಾರಿಗೂ ಹಂಚಬೇಡ. ಒಂದು ಕುಂಚಿಗಿಯನ್ನೂ ಹೊಲಿಸಿದ್ದೇನೆ, ಹಸಿರು ಇಳಕಲ್ ಖಣದ್ದು. ಕೂಸು ಹುಟ್ಟುವ ಮುಂಚೆ ಕುಲಾಯಿ ಹೊಲಿಸಿದರು ಎಂದು ನೀನು ಆಡಿಕೊಳ್ಳುತ್ತೀ ಎಂದು ಅದನ್ನು ಇಲ್ಲೇ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ನೀವಿಬ್ಬರೂ ಬಂದಾಗ ನನ್ನ ಕೈಯಾರೆ ಕಟ್ಟುವೆ.

ಕೆಂಚಿ ಈಗ ನೀರಿನಲ್ಲೇ ಹೆಚ್ಚು. ಭಾರ ನೀರಿನ ಮೇಲೆ ಹೋಗುತ್ತದಲ್ಲ. ಹುಲ್ಲು ಹಾಕಲು ಹೋದರೆ ಮೂಗಿನಲ್ಲೇ ಗುರುಗುಟ್ಟಿ ಮಾತಾಡಿಸುತ್ತಾಳೆ. ಅವಳ ಬಾಣಂತನ ನಾನೇ ಮಾಡುವೆ ಎಂದು ಮಾಲೀಕರಿಗೆ ಹೇಳಿದ್ದೇನೆ. ಆಗಸ್ಟಿನ ಮೂರನೆಯ ವಾರ ಸುಕನ್ಯಾ ಮೇಡಂ ಎರಡು ತಿಂಗಳು ತರಬೇತಿಗೆ ಹೋಗುತ್ತಾರಂತೆ, ಅದೊಂದೇ ಚಿಂತೆ.

ಸಿದ್ದೇಶ


ತಾವರಗೇರಾ
28 ಆಗಸ್ಟ್ 2024

ಕೂಸಿನ ಅಪ್ಪನಿಗೆ,

ಫೋನಿನಲ್ಲಿ ಅಣ್ಣ ಹೇಳಿದ್ದಾನೆ. ನೀವು ಹೂಂ ಎಂದಿರಂತೆ.

ಸೋಮವಾರ ಹತ್ತೊಂಬತ್ತನೆಯ ತಾರೀಖು ಮಧ್ಯಾಹ್ನ ಮೂರಕ್ಕೆ ಹುಟ್ಟಿದಳು. ಹೆಣ್ಣು. ಮೂಗು ನಿಮ್ಮದು, ಹಟ ಯಾರದೋ ಇನ್ನೂ ಗೊತ್ತಾಗಿಲ್ಲ. ಅಮೀನಾಬೀ ಚಾಚಿ ದಿನಾ ಬಂದು ಎಣ್ಣೆ ಹಚ್ಚಿ ಎರೆಯುತ್ತಾಳೆ. ಹೆಚ್ಚು ಹೊತ್ತು ಕೂತು ಬರೆಯಲು ಆಗುವುದಿಲ್ಲ. ಶನಿವಾರ ತೊಟ್ಟಿಲಿಗೆ ಹಾಕುತ್ತಾರೆ. ಬನ್ನಿ.

ಬಂದಾಗ ಒಂದು ಗಳಿಗೆಯಾದರೂ ನನ್ನ ಹತ್ತಿರ ಕೂತುಕೊಳ್ಳಿ.

ಶಿವಲೀಲಾ


ಶ್ರೀರಾಮನಗರ
5 ಸೆಪ್ಟೆಂಬರ್ 2024

ಶಿವಲೀಲಾ,

ಕೂಡಲು ಆಗಲಿಲ್ಲ. ನಿನ್ನ ಸುತ್ತ ಹೆಂಗಸರು, ನನ್ನ ಸುತ್ತ ರುದ್ರೇಶಣ್ಣನ ಬೀಗರು. ಕೂಸನ್ನು ನನ್ನ ಕೈಗೆ ಕೊಟ್ಟು ಫೋಟೊ ತೆಗೆದು ಮತ್ತೆ ಕಸಿದುಕೊಂಡರು. ಶಂಕ್ರಮ್ಮ ಎಂದು ನಿಮ್ಮವ್ವನ ಹೆಸರಿಟ್ಟದ್ದು ಒಳ್ಳೆಯದಾಯಿತು. ಶಂಕ್ರಿ ಎಂದು ಮನಸ್ಸಿನಲ್ಲೇ ಕರೆದು ನೋಡಿದೆ. ನೀನು ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು ಹೊರಸಿನ ಮೇಲೆ ಕೂತಿದ್ದೆ. ಸೊರಗಿದ್ದೀ ಅನ್ನಿಸಿತು, ಆದರೆ ಅಲ್ಲಿದ್ದ ಮುದುಕಿಯರು ಬಾಣಂತಿ ಹಾಗೇ ಇರುತ್ತಾಳೆ ಎಂದರು.

ಇಲ್ಲಿಯ ಸುದ್ದಿ ಕೇಳು. ಆಗಸ್ಟ್ ಇಪ್ಪತ್ತನಾಲ್ಕರ ಬೆಳಿಗ್ಗೆ ಕೆಂಚಿ ಗುಂಪು ಬಿಟ್ಟು ಒಬ್ಬಳೇ ಜೊಂಡಿನ ಮರೆಗೆ ಹೋಗಿ ನಾಲ್ಕು ಮರಿ ಹಾಕಿದಳು. ಮರಿ ಎಂದರೆ ನಮ್ಮ ಕೂಸಿನ ಹಾಗಲ್ಲ. ಕಣ್ಣು ತೆರೆದೇ ಬಂದವು, ಮೈ ತುಂಬ ಕೂದಲು, ಬಾಯಲ್ಲಿ ಹಲ್ಲು. ಹುಟ್ಟಿದ ದಿನವೇ ಎದ್ದು ಓಡಾಡಿದವು, ವಾರದೊಳಗೆ ಹುಲ್ಲು ಕಡಿದವು. ಆದರೂ ನಾಲ್ಕು ತಿಂಗಳು ಹಾಲು ಬೇಕಂತೆ.

ಹಡೆದ ಮಧ್ಯಾಹ್ನವೇ ಕೆಂಚಿ ಎದ್ದು ಮರಿಗಳನ್ನು ಬೆನ್ನ ಹಿಂದೆ ಕರೆದುಕೊಂಡು ಗುಂಪಿನ ಕಡೆ ಹೊರಟಳು. ಹಸಿ ಮೈ, ತಣ್ಣೀರ ಹೊಂಡ, ಮೇಲೆ ಆ ಸಾವ್ಕಾರ. ನಾನು ಬಿಡಲಿಲ್ಲ. ಅಟ್ಟಿಕೊಂಡು ಹೋಗಿ ಗೋಡೆಯಾಚೆ ಖಾಲಿ ಇದ್ದ ಜಿಂಕೆ ಶೆಡ್ಡಿಗೆ ಸೇರಿಸಿದೆ. ನೆಲಕ್ಕೆ ಗೋಣಿ, ಕಿಟಕಿಗೆ ತಾಡಪತ್ರಿ, ಸಂಜೆ ಸಂಜೆ ಲೋಬಾನದ ಹೊಗೆ. ಮಾಲೀಕರು ಬಂದು ನೋಡಿ, "ಏನಪ್ಪ ಸಿದ್ದೇಶ, ಮಗಳ ಬಾಣಂತನ ಮಾಡಿದಂಗ ಮಾಡಾಕತ್ತಿಯಲ್ಲ" ಎಂದು ನಕ್ಕರು. ಮೇಡಂ ಇದ್ದಿದ್ದರೆ ಮೆಚ್ಚುತ್ತಿದ್ದರು.

ನೀನೂ ಅವಸರ ಮಾಡಬೇಡ. ಮೂರು ತಿಂಗಳಿಗೇ ಕಳಿಸುವವರಿದ್ದಾರೆ, ನೀನು ಒಪ್ಪಬೇಡ. ಐದು ತಿಂಗಳು ತುಂಬಲಿ, ಬೇಕಾದರೆ ಇನ್ನೂ ಒಂದು ತಿಂಗಳು ಹೆಚ್ಚಿರಲಿ. ನಿಮ್ಮಣ್ಣ ತಾನಾಗಿ ಕರೆ ಕಳಿಸುವವರೆಗೆ ನಾನು ಬಾಯಿ ಬಿಡುವುದಿಲ್ಲ.

ಸಿದ್ದೇಶ


ತಾವರಗೇರಾ
19 ಸೆಪ್ಟೆಂಬರ್ 2024

ಶ್ರೀರಾಮನಗರದವರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಇನ್ನೂ ಒಂದು ತಿಂಗಳು ಹೆಚ್ಚಿರಲಿ ಎಂಬಲ್ಲಿ ಮೂರನೆಯ ಸಲವೂ ಓದಿದೆ. ಆಗಲಿ, ನೀವು ಹೇಳಿದ ಹಾಗೆ.

ಕೆಂಚಿಯ ಶೆಡ್ಡು ಹೊಂಡದಿಂದ ಎಷ್ಟು ದೂರ. ಉಳಿದವು ಅವಳಿಗೆ ಕಾಣುತ್ತವೆಯೇ. ಅವಳು ಬಾಗಿಲ ಹತ್ತಿರ ಕೂಡುತ್ತಾಳೋ, ಒಳಗೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೋ. ಕೂಗುತ್ತಾಳೇನು. ಸುಮ್ಮನೆ ಕೇಳಿದೆ.

ಮನೆ ಈಗ ಬಹಳ ಶಾಂತ. ವೈನಿ ಮಕ್ಕಳನ್ನು ಕರೆದುಕೊಂಡು ತನ್ನ ತವರು ಯಲಬುರ್ಗಾಕ್ಕೆ ಹೋಗಿದ್ದಾಳೆ, ಹದಿನೈದು ದಿನವಾದರೂ ಬರುವುದಿಲ್ಲವಂತೆ. ಶಂಕ್ರಿ ನಿದ್ದೆಯಲ್ಲಿ ನಗುತ್ತಾಳೆ. ಯಾರನ್ನು ನೋಡಿ ನಗುತ್ತಾಳೋ, ಈ ಕೋಣೆಯಲ್ಲಿ ನಾನೊಬ್ಬಳೇ ಇರುವುದು.

ಶಿವಲೀಲಾ


ಶ್ರೀರಾಮನಗರ
1 ಅಕ್ಟೋಬರ್ 2024

ಶಿವಲೀಲಾ,

ವೈನಿ ಊರಿಗೆ ಹೋದದ್ದು ನಿನಗೆ ವಿಶ್ರಾಂತಿಯೇ ಆಯಿತು ಬಿಡು, ಮಕ್ಕಳ ಗದ್ದಲ ತಪ್ಪಿತು.

ಶೆಡ್ಡು ಹೊಂಡದಿಂದ ನಲವತ್ತು ಹೆಜ್ಜೆ. ನಡುವೆ ಗೋಡೆ ಇರುವುದರಿಂದ ಕಾಣುವುದಿಲ್ಲ, ಕೇಳಿಸುತ್ತದೆ. ಕೆಂಚಿ ದಿನವಿಡೀ ಬಾಗಿಲಲ್ಲೇ ಕೂತು ಸಣ್ಣಗೆ ಸಿಳ್ಳೆ ಹಾಕುತ್ತಾಳೆ, ಮರಿಗಳೂ ಚಿಲಿಪಿಲಿ ಎನ್ನುತ್ತವೆ. ಆ ಕಡೆಯಿಂದ ಮೊದಲ ವಾರ ಉತ್ತರ ಬರುತ್ತಿತ್ತು, ಈಗ ಇಲ್ಲ. ಹೊಟ್ಟೆ ತುಂಬಿದ ಖುಷಿಗೆ ಕೂಗುತ್ತಾಳೆ ಎಂದುಕೊಂಡಿದ್ದೇನೆ. ಮೆಕ್ಕೆಜೋಳದ ಹಸಿ ದಂಟು ಹಾಕಿದರೂ ಪೂರ್ತಿ ತಿನ್ನುವುದಿಲ್ಲ, ಬಾಣಂತಿಗೆ ಬಾಯಿ ರುಚಿ ಇರುವುದಿಲ್ಲವಲ್ಲ.

ಬಿಳಿಯೂ ಈದಳು. ಮೂರು ಮರಿ. ಅವಳ ಬಳಿಗೆ ನಾನು ಹೋಗುವಷ್ಟರಲ್ಲಿ ಗುಂಪಿಗೆ ಸೇರಿ ನೀರಿಗಿಳಿದಾಗಿತ್ತು. ಅವಳ ನಡತೆ ನನಗೆ ಸರಿಬರಲಿಲ್ಲ. ಮರಿಗಳನ್ನು ಮುದುಕಿಯ ಹತ್ತಿರ ಬಿಟ್ಟು ತಾನು ಮೇಯಲು ಹೋಗುತ್ತಾಳೆ. ಮುದುಕಿಗೆ ಕಳೆದ ತಿಂಗಳು ನನಗೆ ಗೊತ್ತೇ ಆಗದೆ ಹುಟ್ಟಿದ ಒಂದು ಮರಿ ಸತ್ತಿತ್ತು, ಹಾಲು ಇನ್ನೂ ಇತ್ತು. ಬಿಳಿಯ ಮರಿಗಳು ಹೋಗಿ ಅವಳನ್ನೂ ಕುಡಿಯುತ್ತವೆ. ಯಾರ ಮರಿ, ಯಾರ ಹಾಲು ಎಂಬ ವಿಚಾರವೇ ಅವುಗಳಿಗಿಲ್ಲ. ಸಾವ್ಕಾರ ದಂಡೆಯ ಮೇಲೆ ಕಾವಲು ಕೂಡುತ್ತಾನೆ, ಅಷ್ಟು ಬಿಟ್ಟು ಬೇರೇನೂ ಮಾಡುವುದಿಲ್ಲ. ನಿನಗೆ ನಗು ಬರಬಹುದು, ಆ ಗಂಡಿನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಕೂತಲ್ಲೇ ಎಲ್ಲವೂ ಕಣ್ಣ ಮುಂದಿವೆ.

ಸಿದ್ದೇಶ


ತಾವರಗೇರಾ
15 ಅಕ್ಟೋಬರ್ 2024

ಶ್ರೀರಾಮನಗರದವರಿಗೆ,

ನನಗೆ ನಾಲ್ಕು ದಿನ ಜ್ವರ ಬಂದಿತ್ತು, ಈಗ ಬಿಟ್ಟಿದೆ. ಎದೆ ಗಟ್ಟಿಯಾಗಿ ಹಾಲು ಬರಲಿಲ್ಲ. ಶಂಕ್ರಿಯನ್ನು ಮೂರು ದಿನ ಶಾಹಜಾದಬಿ ತನ್ನ ಮಗನ ಜೊತೆಗೆ ಹಾಕಿಕೊಂಡು ಕುಡಿಸಿದಳು. ನಿಮ್ಮನ್ನು ಕೇಳದೆ ಮಾಡಿದೆ. ಕೇಳಲು ಹೊತ್ತಿರಲಿಲ್ಲ, ಕೂಸು ಅತ್ತು ಅತ್ತು ನೀಲಿಯಾಗಿತ್ತು. ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ಅವಳ ಮೇಲೆ ಬೇಡ.

ಅಮೀನಾಬೀ ಚಾಚಿ ಹೇಳಿದಳು: "ಇನ್ನ ಇವ್ರಿಬ್ರೂ ಅಣ್ಣ-ತಂಗಿ ನೋಡವ್ವ. ಒಂದ ಎದಿ ಹಾಲು ಕುಡದಾರ. ನಮ್ಮೊಳಗ ಇದು ಹುಡುಗಾಟ ಅಲ್ಲ, ಸಾಯೋತನ ಇರೋ ಸಂಬಂಧ." ಹೀಗೆ ನಿಮ್ಮ ಮಗಳಿಗೆ ಎರಡು ತಿಂಗಳಿಗೇ ಒಬ್ಬ ಅಣ್ಣ, ಒಬ್ಬಳು ತಾಯಿ ಹೆಚ್ಚಾದರು. ಬಿಳಿಯ ಮೇಲೆ ನಿಮಗೆ ಬಂದ ಸಿಟ್ಟು ನನಗೆ ಬರಲಿಲ್ಲ.

ನಾಡಿದ್ದು ಮಹಡಿ ಮನೆಯ ಮಗಳನ್ನು ಮೂರೇ ತಿಂಗಳಿಗೆ ಗಂಡ ಬಂದು ಕರೆದುಕೊಂಡು ಹೋಗುತ್ತಾನಂತೆ. ಗಂಡುಕೂಸು.

ಶಿವಲೀಲಾ


ಶ್ರೀರಾಮನಗರ
26 ಅಕ್ಟೋಬರ್ 2024

ಶಿವಲೀಲಾ,

ಶಾಹಜಾದಬಿಯ ಋಣ ಈ ಜನ್ಮದಲ್ಲಿ ತೀರುವುದಿಲ್ಲ. ಜ್ವರದ ಸುದ್ದಿಯನ್ನು ನಿಮ್ಮಣ್ಣ ಫೋನಿನಲ್ಲಿ ಯಾಕೆ ಹೇಳಲಿಲ್ಲ?

ಇಲ್ಲಿ ನನ್ನ ಕೈಯಿಂದ ದೊಡ್ಡ ತಪ್ಪಾಗಿದೆ. ಮೇಡಂ ತರಬೇತಿ ಮುಗಿಸಿ ಬಂದವರು ಕೆಂಚಿಯನ್ನು ಶೆಡ್ಡಿನಲ್ಲಿ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಎಷ್ಟ ದಿನ ಆತು ಇದನ್ನ ಇಲ್ಲಿಟ್ಟು?" ಎಂದರು. ಎಂಟು ವಾರ ಎಂದೆ, ಹೆಮ್ಮೆಯಿಂದಲೇ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸಿದ್ದೇಶ, ಇವು ಒಂಟಿ ಇರೋ ಪ್ರಾಣಿ ಅಲ್ಲ. ಹಡದ ದಿನನ ಗುಂಪಿಗೆ ಹೋಕ್ಕಾವು. ನೀ ಮಾಡಿದ್ದು ಬಾಣಂತನ ಅಲ್ಲಪ್ಪ, ಬಂದೀಖಾನಿ" ಎಂದರು.

ಮರುದಿನ ಎಲ್ಲರೂ ನಿಂತು ಕೆಂಚಿಯನ್ನು ಹೊಂಡದ ಬಯಲಿಗೆ ಬಿಟ್ಟೆವು. ಅವಳು ಓಡಿದಳು, ಮರಿಗಳೂ ಓಡಿದವು. ಅಷ್ಟು ಜೋರಾಗಿ ಸಿಳ್ಳೆ ಹಾಕಿದ್ದನ್ನು ನಾನು ಕೇಳಿರಲಿಲ್ಲ. ಮುದುಕಿ ಬಂದು ಮೂಸಿ ನೋಡಿ ಬೆನ್ನಿಗೆ ಬಾಯಿ ಹಾಕಿದಳು. ಆಮೇಲೆ ಸಾವ್ಕಾರ. ಅವಳ ಮೈಯಲ್ಲಿ ಗುಂಪಿನ ವಾಸನೆಯೇ ಉಳಿದಿರಲಿಲ್ಲ, ಇದ್ದದ್ದು ಲೋಬಾನದ್ದು, ಗೋಣಿಯದ್ದು, ನನ್ನದು. ಅವುಗಳ ಪಾಲಿಗೆ ಅವಳು ಯಾರೋ. ಬಿಡಿಸಿ ತರುವಷ್ಟರಲ್ಲಿ ಬೆನ್ನು ಹರಿದಿತ್ತು, ಆರು ಹೊಲಿಗೆ ಬಿತ್ತು. ಈಗ ಮತ್ತೆ ಶೆಡ್ಡಿನಲ್ಲಿದ್ದಾಳೆ. ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

ನೀನು ಸೆಪ್ಟೆಂಬರಿನಲ್ಲೇ ಕೇಳಿದ್ದೆ, ಬಾಗಿಲಲ್ಲಿ ಕೂಡುತ್ತಾಳೋ, ಗೋಡೆಗೆ ಮುಖ ಮಾಡುತ್ತಾಳೋ ಎಂದು. ಇವತ್ತು ಆ ಪತ್ರ ತೆಗೆದು ಮತ್ತೆ ಓದಿದೆ. ಶಿವಲೀಲಾ, ನೀನು ಕೇಳಿದ್ದು ಯಾರ ಬಗ್ಗೆ? ನಿನಗೆ ನೀರು ಕಾಸಿ ಕೊಡುವವರು ಯಾರು, ಉಣ್ಣಲು ಇಡುವವರು ಯಾರು, ದಿನಕ್ಕೆ ಎಷ್ಟು ಮಾತು ಆಡುತ್ತೀ? ಇದ್ದದ್ದು ಇದ್ದ ಹಾಗೆ ಬರೆ.

ಸಿದ್ದೇಶ


ತಾವರಗೇರಾ
3 ನವೆಂಬರ್ 2024

ಕೇಳಿದವರಿಗೆ,

ಕೇಳಲು ಎಂಟು ವಾರ ಬೇಕಾಯಿತು. ಇದ್ದದ್ದು ಇದ್ದ ಹಾಗೆ ಎಂದಿದ್ದೀರಿ, ಬರೆಯುತ್ತೇನೆ.

ನೀರು ನಾನೇ ಕಾಸಿಕೊಳ್ಳುತ್ತೇನೆ. ತೊಟ್ಟಿಲು ಕಾರ್ಯ ಮುಗಿದ ಮರುದಿನದಿಂದ ಅಡಿಗೆಯೂ ನನ್ನದೇ. ನೀವು ಕಳಿಸಿದ ಅಂಟು, ಉತ್ತತ್ತಿ ವೈನಿಯ ಕಪಾಟಿನಲ್ಲಿವೆ, ಒಂದು ಉಂಡಿಯೂ ಆಗಲಿಲ್ಲ. ಉಂಡಿ ತಿಂದದ್ದು ಅಮೀನಾಬೀ ಚಾಚಿಯ ಮನೆಯದು, ಸೆರಗಿನಲ್ಲಿ ಮುಚ್ಚಿ ತಂದದ್ದು. ನನ್ನ ಕೋಣೆ ಹಿತ್ತಲಿನದು, ಮೊದಲು ಕಾಳಿನ ಚೀಲ ಇಡುತ್ತಿದ್ದದ್ದು. ಪತ್ರ ಚಾಚಿಯ ಮನೆಗೆ ಹಾಕಿ ಎಂದದ್ದು ನಾಚಿಕೆಗಲ್ಲ. ನಿಮ್ಮ ಮೊದಲ ಪತ್ರವನ್ನು ವೈನಿ ಒಡೆದು ಓದಿ, ನೆರೆಯವರ ಮುಂದೆ ಕೆಂಚಿಯ ಕಥೆ ಹೇಳಿ ನಕ್ಕಿದ್ದಳು.

ಅವಳನ್ನೂ ಪೂರ್ತಿ ಬೈಯಲಾರೆ. ಮೂರು ಮಕ್ಕಳು, ಹೊಲ, ಅತ್ತೆ ಇಲ್ಲದ ಮನೆ, ಮೇಲೆ ನಾನು. ಕುಬಸದ ದಿನ ಅಣ್ಣ ಎಲ್ಲರ ಮುಂದೆ ಒಪ್ಪಿಕೊಂಡ, ಅವಳನ್ನು ಕೇಳಲೇ ಇಲ್ಲ. ನಲವತ್ತು ದಿನಕ್ಕೇ ಕಳಿಸಿಬಿಡು ಎಂದು ಅವಳು ಹೇಳಿದಾಗ ಅಣ್ಣ, "ಅವರ ಮನಿಯವ್ರು ಕರಿಯಾಕ ಬರದ ಹೆಂಗ ಕಳಸ್ಲಿ? ಹಸಿ ಬಾಣಂತೀನ ಹೊರಗ ಹಾಕಿದ್ರು ಅಂತ ಊರು ಆಡಿಕೊಳ್ಳತೈತಿ" ಎಂದ. ದೀಪಾವಳಿಗೆ ನೀವು ಬಂದೇ ಬರುತ್ತೀರಿ, ಕರೆದುಕೊಂಡು ಹೋಗುತ್ತೀರಿ ಎಂದು ಮೂವರೂ ಬಾಗಿಲು ಕಾದೆವು. ಬರಲಿಲ್ಲ. ನೀವು ಅವನ ಕರೆಗೆ ಕಾಯುತ್ತೀರಿ, ಅವನು ನಿಮ್ಮ ದಾರಿ ಕಾಯುತ್ತಾನೆ, ನಡುವೆ ನಾನು ಹಿತ್ತಲಲ್ಲಿದ್ದೇನೆ. ಗಂಗಾವತಿಯ ಬಸ್ಸು ದಿನಕ್ಕೆ ಎಷ್ಟು ಸಲ ಹಾರ್ನ್ ಹಾಕಿಕೊಂಡು ಹೋಗುತ್ತದೆ ಎಂದು ನನಗೆ ಗೊತ್ತು.

ಇದನ್ನೆಲ್ಲ ಮೊದಲೇ ಯಾಕೆ ಬರೆಯಲಿಲ್ಲ ಎಂದರೆ, ಸತ್ತ ಅವ್ವನ ಮನೆಯ ಮರ್ಯಾದೆ. ಅವಳಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನನ್ನ ಕೈಯಿಂದ ಬರೆಯಲು ಆಗಲಿಲ್ಲ.

ಇನ್ನೊಂದು ಕಾರಣವೂ ಇದೆ. ನೀವು ಐದು ತಿಂಗಳು, ಆರು ತಿಂಗಳು ಎಂದು ಬರೆದಾಗ, ಹೆಣ್ಣು ಹುಟ್ಟಿತೆಂದು ನಿಮಗೆ ಅವಸರವಿಲ್ಲ ಎಂದುಕೊಂಡೆ. ಹೌದಾದರೆ ಹೌದು ಎಂದು ಬರೆಯಿರಿ. ಸುಳ್ಳು ಬೇಡ. ಹೂಂ ಎನ್ನಬೇಡಿ.

ಶಿವಲೀಲಾ


ಶ್ರೀರಾಮನಗರ
7 ನವೆಂಬರ್ 2024

ಶಿವಲೀಲಾ,

ಅಲ್ಲ. ಅದಲ್ಲ.

ನನಗೆ ಒಬ್ಬಳು ತಂಗಿ ಹುಟ್ಟಿದ್ದಳು, ನಿನಗೆ ಹೇಳಿಲ್ಲ. ಯಾರಿಗೂ ಹೇಳುವುದಿಲ್ಲ. ನಮ್ಮವ್ವ ಅವಳನ್ನು ಹಡೆದು ಒಂಬತ್ತನೆಯ ದಿನ ನಾಟಿ ಹಚ್ಚಲು ಗದ್ದೆಗೆ ಇಳಿದಳು. ಮೊಣಕಾಲುದ್ದ ಕಾಲುವೆಯ ನೀರು. ಬಾಣಂತನ ಮಾಡುವವರು ಯಾರೂ ಇರಲಿಲ್ಲ. ತಿಂಗಳಾಗುವ ಮೊದಲು ಅವ್ವ ಹೋದಳು, ಹಿಂದೆಯೇ ಕೂಸೂ ಹೋಯಿತು. ನನಗಾಗ ಆರು ವರ್ಷ. ಐದು ತಿಂಗಳು ಬೆಚ್ಚಗಿಟ್ಟಿದ್ದರೆ ಉಳಿಯುತ್ತಿದ್ದಳು ಎಂದು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಹಸಿ ಮೈಯಲ್ಲಿ ಕೆಂಚಿ ನೀರಿನ ಕಡೆ ಹೊರಟಾಗ ನನಗೆ ಕಂಡದ್ದು ಕೆಂಚಿಯಲ್ಲ. ನಿನಗೆ ಐದು, ಆರು ಎಂದು ಬರೆದದ್ದೂ ಅದಕ್ಕೇ. ನಿನ್ನನ್ನು ಬದುಕಿಸಿಕೊಳ್ಳುತ್ತಿದ್ದೇನೆ ಎಂದುಕೊಂಡು ಒಂಟಿ ಮಾಡಿದೆ. ಅವ್ವನನ್ನು ಕೊಂದದ್ದು ನೀರಲ್ಲ, ಜೊತೆಗೆ ಒಬ್ಬರೂ ಇಲ್ಲದ್ದು ಎಂದು ಈಗ ತಿಳಿಯಿತು.

ಕೆಂಚಿಗೆ ಮೇಡಂ ಒಂದು ಉಪಾಯ ಮಾಡಿದ್ದಾರೆ. ಹೊಂಡದ ಬಯಲಿನೊಳಗೇ ಕಬ್ಬಿಣದ ಸರಳಿನ ಗೂಡು ನಿಲ್ಲಿಸಿ ಅವಳನ್ನು ಅದರಲ್ಲಿಟ್ಟಿದ್ದೇವೆ. ಸರಳಿನ ನಡುವೆ ಒಂದು ಗೇಣು ಸಂದು. ಅವಳು ಹೊರಗೆ ಬರಲಾರಳು, ಉಳಿದವರು ಒಳಗೆ ಹೋಗಿ ಕಡಿಯಲಾರರು, ಮರಿಗಳು ಮಾತ್ರ ನುಸುಳುತ್ತವೆ. ಮೊದಲ ದಿನ ಹೋಗಲಿಲ್ಲ. ಎರಡನೆಯ ದಿನ ಒಂದು ಹೋಯಿತು, ಬಿಳಿಯ ಮರಿಗಳ ನಡುವೆ ಬಾಯಿ ಹಾಕಿ ಬಿಳಿಯ ಹಾಲು ಕುಡಿಯಿತು. ಬಿಳಿ ಒದೆಯಲಿಲ್ಲ. ಮತ್ತೆ ಓಡಿ ಬಂದು ತಾಯಿಯ ಹೊಟ್ಟೆಗೆ ಒರಗಿ ಮಲಗಿತು. ಈಗ ನಾಲ್ಕೂ ದಿನವಿಡೀ ಹೋಗಿ ಬಂದು ಮಾಡುತ್ತವೆ. ಆ ಕಡೆಯ ವಾಸನೆ ಈ ಕಡೆಗೆ, ಈ ಕಡೆಯದು ಆ ಕಡೆಗೆ ಮರಿಗಳ ಮೈಯಲ್ಲೇ ಸಾಗುತ್ತಿದೆ. ನಿನ್ನೆ ಮುದುಕಿ ಸರಳಿಗೆ ಮೂಗು ಹಚ್ಚಿ ಬಹಳ ಹೊತ್ತು ನಿಂತಿದ್ದಳು. ಕಡಿಯಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕರೆ ಇಲ್ಲ, ಜೊತೆಗೆ ಹಿರಿಯರಿಲ್ಲ, ಮುಹೂರ್ತ ಯಾರನ್ನೂ ಕೇಳಿಲ್ಲ. ಕರೆಯದೆ ಬಂದ ಅಳಿಯ ಎಂದು ಓಣಿ ನಗುವುದಾದರೆ ನಗಲಿ. ರುದ್ರೇಶಣ್ಣನ ಜೊತೆ ಜಗಳ ಆಡುವುದಿಲ್ಲ, ಅವನದೂ ನನ್ನದೂ ಒಂದೇ ತಪ್ಪು. ಕುಂಚಿಗಿ ತರುತ್ತೇನೆ. ಹೊರಡುವ ಮುಂಚೆ ಶಾಹಜಾದಬಿಯ ಮಗನನ್ನೂ ಒಂದು ಗಳಿಗೆ ನನ್ನ ಕೈಗೆ ಕೊಡಿಸು, ನನ್ನ ಮಗಳ ಅಣ್ಣ ಅಲ್ಲವೇ.

ಈ ಪತ್ರ ನನಗಿಂತ ಮುಂಚೆ ಮುಟ್ಟುತ್ತದೋ ಇಲ್ಲವೋ. ಮುಟ್ಟದಿದ್ದರೆ ಇದರಲ್ಲಿದ್ದದ್ದನ್ನು ಬಾಯಿಂದ ಹೇಳಲು ನನ್ನಿಂದ ಆಗುತ್ತದೋ, ಅದೂ ಗೊತ್ತಿಲ್ಲ.

ಸಿದ್ದೇಶ


ಶ್ರೀರಾಮನಗರ, ಅಡಿಗೆಮನೆ
24 ನವೆಂಬರ್ 2024

ಆಚೆ ಕೋಣೆಯವರಿಗೆ,

ನಿಮ್ಮ ಏಳನೆಯ ತಾರೀಖಿನ ಪತ್ರ ನಿನ್ನೆ ಸಿಕ್ಕಿತು. ನಾವು ಬಸ್ಸು ಹತ್ತಿದ ಮರುದಿನ ತಾವರಗೇರಾ ಮುಟ್ಟಿತ್ತಂತೆ, ಚಾಚಿ ಅದನ್ನು ಇನ್ನೊಂದು ಲಕೋಟೆಗೆ ಹಾಕಿಸಿ ಕಳಿಸಿದ್ದಾಳೆ.

ಅಂದರೆ ಆ ಭಾನುವಾರ ನೀವು ನಮ್ಮ ಕಟ್ಟೆಯ ಮೇಲೆ ಬಂದು ನಿಂತು, "ಕರಕೊಂಡು ಹೋಗಾಕ ಬಂದೀನಿ" ಎಂದು ಅಷ್ಟೇ ಹೇಳಿದಾಗ, ನಾನು ಏನೂ ಓದಿರಲಿಲ್ಲ. ಅಣ್ಣ ತಲೆ ತಗ್ಗಿಸಿದ. ವೈನಿ ಒಳಗಿಂದ ಕಪಾಟಿನ ಉತ್ತತ್ತಿಯ ಗಂಟು ತಂದು ನನ್ನ ಉಡಿಗೆ ಹಾಕಿ ಅತ್ತಳು. ಅಂದಿನಿಂದ ಹದಿನಾಲ್ಕು ದಿನ ಈ ಎರಡು ಕೋಣೆಯಲ್ಲಿ, ನೀರು ಕಾದಿದೆ, ಊಟಕ್ಕೆ ಬನ್ನಿ, ಕೂಸು ಎದ್ದಿದೆ, ಇಷ್ಟೇ ನಮ್ಮ ಮಾತು. ನೀವು ಬಿಸಿನೀರು ತಂದು ಬಾಗಿಲಲ್ಲಿಟ್ಟು ಹೋಗುತ್ತೀರಿ, ಹತ್ತಿರ ಬಂದರೆ ನಾನು ಬಾಯಿ ಹಾಕುತ್ತೇನೆ ಎಂಬ ಹಾಗೆ. ನಿಮ್ಮ ತಪ್ಪಿಲ್ಲ. ಮೂರು ತಿಂಗಳು ಒಂಟಿ ಇದ್ದು ನನ್ನ ಮೈಗೇ ನಿಮ್ಮ ಗುರುತು ಹೋಗಿದೆ. ಮನೆಗೆ ಬಂದ ಮೇಲೂ ನಾನು ಅಲ್ಲೇ ಇದ್ದೇನೆ ಅನ್ನಿಸುತ್ತದೆ.

ನಿಮ್ಮವ್ವನ ವಿಷಯ ಓದಿ ಒಲೆಯ ಮುಂದೆ ಕೂತು ಅತ್ತೆ. ಎರಡು ವರ್ಷ ಒಂದೇ ಮನೆಯಲ್ಲಿದ್ದು ಇದನ್ನು ಅಂಚೆಯಲ್ಲಿ ತಿಳಿಯಬೇಕಾಯಿತು.

ಬೆಳಿಗ್ಗೆ ಶಂಕ್ರಿಯನ್ನು ಹೊಂಡದ ಕಡೆ ಎತ್ತಿಕೊಂಡು ಹೋಗಿದ್ದಿರಲ್ಲ, ಕುಂಚಿಗಿ ಕಟ್ಟಿ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೂಡು ತೆಗೆದಿದ್ದೀರಿ. ಕೆಂಚಿ ನೀರಿನಲ್ಲಿದ್ದಳು, ಉಳಿದವರಿಂದ ತುಸು ದೂರ, ಆದರೆ ಅದೇ ನೀರಿನಲ್ಲಿ. ಮರಿಗಳು ಯಾರವು ಯಾರವೋ, ಎಲ್ಲ ಒಟ್ಟಿಗೆ ದಂಡೆಯ ಮೇಲಿದ್ದವು. ನೀವು ಕೂಸಿಗೆ ಅದನ್ನೆಲ್ಲ ತೋರಿಸಿ ಮಾತಾಡುತ್ತಿದ್ದಿರಿ, ಬಹಳ ಹೊತ್ತು ಮಾತಾಡುತ್ತಿದ್ದಿರಿ. ನಿಮಗೆ ಅಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅವಳನ್ನು ತಂದು ನನ್ನ ಮಡಿಲಿಗೆ ಹಾಕಿ ಹೋದಿರಿ. ಹಾಲು ಕುಡಿಸುವಾಗ ಬಗ್ಗಿ ನೋಡಿದರೆ ಕುಂಚಿಗಿಯಲ್ಲಿ ಹಸಿ ಹುಲ್ಲು, ಕಾಲುವೆಯ ನೀರು, ನಿಮ್ಮ ಬೀಡಿ, ನಿಮ್ಮ ಅಂಗಿಯ ಬೆವರು, ಎಲ್ಲ ಇತ್ತು. ಜೂನಿನಲ್ಲಿ ಬಸ್ಸು ಹತ್ತುವಾಗ ಬಿಟ್ಟು ಹೋದ ವಾಸನೆ. ಮೂಗು ಅಲ್ಲೇ ಇಟ್ಟು ಕೂತೆ. ದಿನಾ ಹೀಗೇ ಕರೆದುಕೊಂಡು ಹೋಗಿ, ದಿನಾ ತಂದು ಕೊಡಿ.

ಚಹಾ ಇಟ್ಟಿದ್ದೇನೆ, ಎರಡು ಲೋಟ. ಈ ಚೀಟಿ ಓದಿದ ಮೇಲೆ ಕಾಗದ ಹುಡುಕಬೇಡಿ. ಇದಕ್ಕೆ ಉತ್ತರ ಬರೆಯಬೇಡಿ. ಎದ್ದು ಈ ಕಡೆ ಬಂದು ಬಾಯಿಂದ ಹೇಳಿ.

ಶಿವಲೀಲಾ